ಅಂಧರ ವಿಮೆ: ಹೆಚ್ಚುವರಿ ಕಂತಿನ ಚರಿತ್ರೆ

1818ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಓರಿಯೆಂಟಲ್ ಕಂಪನಿಯೇ ಭಾರತದ ಮೊದಲ ಜೀವ ವಿಮಾ ಸಂಸ್ಥೆ. ಅದು ಇಲ್ಲಿದ್ದ ಯುರೋಪಿಯನ್ನರಿಗಾಗಿ ಹುಟ್ಟಿದ್ದು. ಮುಂದೆ ಭಾರತೀಯರಿಗೂ ಪಾಲಿಸಿ ಕೊಟ್ಟ ವಿದೇಶಿ ಕಂಪನಿಗಳು ಅವರ ಜೀವವನ್ನು ಕೆಳದರ್ಜೆಯದೆಂದು ಎಣಿಸಿ ಭಾರಿ ಹೆಚ್ಚುವರಿ ಕಂತು ವಸೂಲು ಮಾಡಿದವು. 1870ರ ಸುಮಾರಿಗೆ ಸ್ಥಾಪನೆಯಾದ ಬಾಂಬೆ ಮ್ಯೂಚುಯಲ್ ಸೊಸೈಟಿ ಸಾಮಾನ್ಯ ದರದಲ್ಲೇ ಭಾರತೀಯರಿಗೆ ವಿಮೆ ಮಾಡಿತು. ಜನಾಂಗದ ಹೆಸರಿನ ದಂಡ ಹೀಗೆ ಸಡಿಲಗೊಂಡರೂ ಅಂಗವೈಕಲ್ಯದ ಹೆಸರಿನದು ಉಳಿಯಿತು.

1884ರಲ್ಲಿ ಶುರುವಾದ ಅಂಚೆ ಜೀವ ವಿಮೆಯಲ್ಲೂ ಅಂಗವಿಕಲರಿಗೆ ಬೇರೆ ನಿಯಮ ಬಂತು: ವೈಕಲ್ಯದ ಸ್ವರೂಪ ನೋಡಿ, ವೈದ್ಯಕೀಯ ತಪಾಸಣೆಯ ನಂತರ ಹೆಚ್ಚು ಕಂತು ವಿಧಿಸಬಹುದು. ಅಂಧರ ವಿಷಯದಲ್ಲಿ ಈ ಲೆಕ್ಕಾಚಾರ ಮೂಲದಲ್ಲೇ ಎಡವುತ್ತದೆ. ಮಧುಮೇಹದಿಂದ ದೃಷ್ಟಿ ಹೋದವರ ಆಯುಸ್ಸನ್ನು ಆ ರೋಗ ಕುಗ್ಗಿಸಬಹುದು. ಹುಟ್ಟು ಕುರುಡುತನ ತಾನಾಗಿ ಯಾರ ಆಯುಸ್ಸನ್ನೂ ಕಡಿಮೆ ಮಾಡದು. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಅಪಘಾತ ವಿಮೆಯಲ್ಲಂತೂ ಕಾಣದವರು ಹೆಚ್ಚು ಬೀಳುತ್ತಾರೆಂಬ ಊಹೆಯೇ ನಿರಾಕರಣೆಗೆ ಸಾಕಾಗುತ್ತಿತ್ತು. ದಿನವೂ ಬಿಳಿ ಕೋಲು ಹಿಡಿದು ಎಚ್ಚರದಿಂದ ಓಡಾಡುವವರ ಅನುಭವಕ್ಕೆ ಅಲ್ಲಿ ಬೆಲೆಯಿರಲಿಲ್ಲ.

1956ರಲ್ಲಿ 245 ಸಂಸ್ಥೆಗಳು ಸೇರಿ ಭಾರತೀಯ ಜೀವ ವಿಮಾ ನಿಗಮವಾದಾಗ ವಿಮೆ ಸರ್ಕಾರದ ಹೊಣೆಯಾಯಿತು. ನಿಗಮದ ಒಂದು ಪಾಲಿಸಿ ಸರ್ಕಾರಿ ಮತ್ತು ದೊಡ್ಡ ಸಂಸ್ಥೆಗಳ ನೌಕರರಿಗೆ ಮಾತ್ರ ಮೀಸಲಾಗಿತ್ತು. ಆ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 1995ರಲ್ಲಿ ತಳ್ಳಿಹಾಕಿತು. ಆ ಮೊಕದ್ದಮೆ ಅಂಧರದ್ದಲ್ಲ. ಆದರೂ ವಿಮೆಯ ಷರತ್ತುಗಳು ಸಂವಿಧಾನದ ಸಮಾನತೆಗೆ ಒಳಪಟ್ಟಿರಬೇಕೆಂಬ ತತ್ವ ಅಲ್ಲಿ ಗಟ್ಟಿಯಾಯಿತು.

ಭಾರತ 2007ರಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 25ನೇ ವಿಧಿ ಆರೋಗ್ಯ ಮತ್ತು ಜೀವ ವಿಮೆಯಲ್ಲಿನ ತಾರತಮ್ಯವನ್ನು ನೇರವಾಗಿ ನಿಷೇಧಿಸುತ್ತದೆ. 2015ರ ಸ್ವಾವಲಂಬನ್ ಆರೋಗ್ಯ ವಿಮೆ ಅಂಧರನ್ನೂ ಮಂದದೃಷ್ಟಿಯವರನ್ನೂ ಒಳಗೊಂಡು 2 ಲಕ್ಷ ರೂಪಾಯಿಯ ರಕ್ಷಣೆ ಕೊಟ್ಟಿತು, ಆದರೆ ಬಹುಕಾಲ ನಡೆಯಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಮಗ್ರ ವಿಮಾ ಯೋಜನೆಯನ್ನು ಸರ್ಕಾರದ ಕರ್ತವ್ಯಗಳಲ್ಲಿ ಸೇರಿಸಿತು.

ಕಾಗದದ ಮೇಲಿನ ಹಕ್ಕು ಕಂಪನಿಗಳ ಕೌಂಟರಿಗೆ ತಲುಪಲು ಮತ್ತೊಂದು ಮೊಕದ್ದಮೆ ಬೇಕಾಯಿತು. ಗಾಲಿಕುರ್ಚಿ ಬಳಸುವ ಒಬ್ಬರಿಗೆ ಆರೋಗ್ಯ ವಿಮೆ ನಿರಾಕರಿಸಿದ ಪ್ರಕರಣದಲ್ಲಿ ದಿಲ್ಲಿ ಹೈಕೋರ್ಟ್ 2022ರ ಡಿಸೆಂಬರಿನಲ್ಲಿ ಮಧ್ಯಪ್ರವೇಶಿಸಿತು. 2023ರ ಫೆಬ್ರುವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಅಂಗವಿಕಲರಿಗೆ ಪಾಲಿಸಿ ರೂಪಿಸಲೇಬೇಕು, ಅವರ ಅರ್ಜಿ ತಿರಸ್ಕರಿಸಬಾರದು ಎಂದು ಆದೇಶಿಸಿತು. ಆ ಆದೇಶ ಸಾಮಾನ್ಯ ಮತ್ತು ಆರೋಗ್ಯ ವಿಮಾ ಕಂಪನಿಗಳಿಗೆ ಸೀಮಿತ. ಜೀವ ವಿಮಾ ಕಂಪನಿಗಳು ಅದರ ವ್ಯಾಪ್ತಿಗೆ ಬರಲಿಲ್ಲ.