ಹುಯ್ಯಲು ಮತ್ತು ಕಾವಲು: ಕೂಡ್ಲಿಗಿ–ಹರಪನಹಳ್ಳಿ ಸೀಮೆಯಲ್ಲಿ ಎಚ್ಚರಿಕೆಯ ಸಾಧನಗಳ ಚರಿತ್ರೆ

ಹಳಗನ್ನಡದಲ್ಲಿ 'ಪುಯ್ಯಲ್' ಎಂಬುದೊಂದು ಶಬ್ದವುಂಟು. ಆಪತ್ತಿಗೆ ಸಿಕ್ಕಿದವರು ಇಟ್ಟ ಮೊರೆ, ನೆರವಿಗಾಗಿ ಎಬ್ಬಿಸಿದ ಕೂಗು ಎಂಬುದು ಅದರ ಅರ್ಥ. ಪಕಾರವು ಹಕಾರವಾಗಿ ಇದೇ ಶಬ್ದವು 'ಹುಯ್ಯಲು', 'ಹುಯಿಲು' ಎಂಬ ರೂಪಗಳಲ್ಲಿ ಇಂದಿಗೂ ಬಳಕೆಯಲ್ಲಿದೆಯಾದರೂ, ಅದರಲ್ಲಿ ಈಗ ಗದ್ದಲವೆಂಬ ಅರ್ಥವೇ ಮುಂದಾಗಿ ಮೊರೆಯೆಂಬ ಅರ್ಥವು ಹಿಂದೆ ಸರಿದಿದೆ. ವೀರಗಲ್ಲುಗಳ ಶಾಸನಗಳನ್ನು ಓದಿದವರಿಗೆ 'ತುಱುಗೋಳ್', 'ಊರೞಿವು' ಎಂಬ ಮಾತುಗಳೊಡನೆ 'ಪೆಣ್ಬುಯ್ಯಲ್' ಎಂಬ ಮಾತೂ ಪರಿಚಿತವಾದುದೇ. ದನಗಳನ್ನು ಹೊಡೆದುಕೊಂಡು ಹೋದಾಗ, ಊರನ್ನು ಸೂರೆಗೊಂಡಾಗ, ಹೆಣ್ಣುಮಕ್ಕಳ ಮೇಲೆ ಕೈಯೆತ್ತಿದಾಗ ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸಿದ ಕಲ್ಲುಗಳಿವು. ಇವುಗಳಲ್ಲಿ ಮೂರನೆಯ ಹೆಸರು ವಿಶೇಷವಾಗಿ ಗಮನಾರ್ಹವಾದುದು. ಮೊದಲೆರಡು ಹೆಸರುಗಳು ಅಪರಾಧವನ್ನು ಹೇಳಿದರೆ ಇದು ಅಪರಾಧವನ್ನು ಹೇಳುವುದಿಲ್ಲ, ಕೂಗನ್ನು ಹೇಳುತ್ತದೆ. ಕಾಳಗಕ್ಕೆ ಹೆಸರು ಬಂದದ್ದು ಆ ಕೂಗಿನಿಂದ. ಕೂಗು ಕಿವಿಗೆ ಬಿದ್ದ ಮೇಲೆ ಓಡಿಬರುವುದು ಕೇಳಿದವನ ಕರ್ತವ್ಯವೆಂಬ ಭಾವನೆಯು ಈ ಒಂದು ಸಮಾಸದಲ್ಲಿ ಅಡಗಿದೆಯೆಂದು ಹೇಳಿದರೆ ತಪ್ಪಾಗಲಾರದು.

ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗವಾಗಿದ್ದು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಈ ಕರ್ತವ್ಯವು ಯಾರ ಹೆಗಲಿನಿಂದ ಯಾರ ಹೆಗಲಿಗೆ ದಾಟಿತು, ಕೂಗನ್ನು ಒಯ್ಯುವ ಸಾಧನವು ಹೇಗೆ ಬದಲಾಯಿತು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಇಂದು ಅಂಗಡಿ, ಬ್ಯಾಂಕು, ಗೋದಾಮುಗಳ ಗೋಡೆಯ ಮೇಲೆ ಕಾಣುವ ಎಚ್ಚರಿಕೆಯ ಪೆಟ್ಟಿಗೆಯೂ, ಅದಕ್ಕೆ ಜೋಡಿಸುವ ಅಂತರ್ಜಾಲದ ಮಾಡ್ಯೂಲೂ ಇದೇ ಚರಿತ್ರೆಯ ಕೊನೆಯ ಪುಟಕ್ಕೆ ಸೇರಿದುವು. ಇತಿಹಾಸದ ವಿದ್ಯಾರ್ಥಿಗೆ ಇದು ಹೊರಗಿನ ವಿಷಯವೆಂದು ತೋರಬಹುದು, ಹಾಗೆ ತೋರಬೇಕಾಗಿಲ್ಲ.

ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ಮೊದಲಾದ ದೇವಾಲಯಗಳನ್ನು ನೋಡಲು ಬರುವವರು ಶಿಲ್ಪದ ಸೊಬಗಿಗೆ ಮನಸೋತು, ದಾರಿಯ ಹಳ್ಳಿಗಳಲ್ಲಿರುವ ಹುಡೇವುಗಳನ್ನು ಲಕ್ಷಿಸದೆ ಹೋಗುವುದೇ ವಾಡಿಕೆ. ಕಲ್ಲುಮಣ್ಣುಗಳಿಂದ ದುಂಡಗೆ ಕಟ್ಟಿ ಎತ್ತರಿಸಿದ ಈ ಬುರುಜುಗಳಿಗೆ ಅಲಂಕಾರವಿಲ್ಲ, ಶಾಸನವಿಲ್ಲ. ಆದರೆ ಅವುಗಳ ಉಪಯೋಗವು ಸ್ಪಷ್ಟವಾಗಿದೆ: ಮೇಲೆ ನಿಂತವನಿಗೆ ದೂರದ ಧೂಳು ಕಾಣಬೇಕು, ಅವನು ಊದಿದ ಕೊಂಬು ಹೊಲದಲ್ಲಿದ್ದವರಿಗೆ ಕೇಳಬೇಕು, ಕೇಳಿದವರಿಗೆ ಓಡಿಬಂದು ಸೇರಲು ಒಂದು ಎಡೆ ಬೇಕು. ವಿಜಯನಗರದ ಪತನದಿಂದ ಕಂಪನಿಯ ಆಳಿಕೆಯವರೆಗೆ ಪಾಳೆಯಗಾರರ ಕಲಹಗಳೂ ಮರಾಠರ, ಮೈಸೂರಿನ, ನಿಜಾಮನ ದಂಡುಗಳ ಸಂಚಾರವೂ ನಿಲ್ಲದೆ ನಡೆದ ಈ ನಾಡಿನಲ್ಲಿ ಹುಡೇವಿಲ್ಲದ ಊರು ಬಾಗಿಲಿಲ್ಲದ ಮನೆಯಂತೆ ಇದ್ದಿರಬೇಕು. 1816ರಲ್ಲಿ ಪಿಂಡಾರಿಗಳು ಗುಂಟೂರಿನವರೆಗೆ ನುಗ್ಗಿ ಸೂರೆಗೊಂಡ ಸಂಗತಿಯನ್ನು ನೆನೆದರೆ ಈ ಭಯವು ಎಷ್ಟು ಇತ್ತೀಚಿನದೆಂಬುದು ವಿದಿತವಾಗುತ್ತದೆ.

ಹರಪನಹಳ್ಳಿಯ ಪಾಳೆಯಗಾರರ ಮೂಲವೇ ಕಾವಲಿನಲ್ಲಿದೆ. 1565ರ ಯುದ್ಧದ ತರುವಾಯ ಸುತ್ತಣ ನಾಡನ್ನು ವಶಪಡಿಸಿಕೊಂಡು ಮನೆತನವನ್ನು ನೆಲೆಗೊಳಿಸಿದವನು ಮೊದಲು ಊರ ತಳವಾರನಾಗಿದ್ದ ಬೇಡ ನಾಯಕನೆಂದು ಜಿಲ್ಲೆಯ ಗೆಜೆಟಿಯರು ಹೇಳುತ್ತದೆ. ಇದನ್ನು ಕೇವಲ ಭಾಗ್ಯದ ಕಥೆಯೆಂದು ಓದಬಾರದು. ಯಾವನು ಕೂಗಿಗೆ ಓಡಿಬರುವನೋ ಅವನಿಗೆ ಊರು ಧಾನ್ಯ ಕೊಡುತ್ತದೆ, ಮಾನ್ಯದ ಹೊಲ ಬಿಡುತ್ತದೆ. ಕೇಂದ್ರದ ಸತ್ತೆ ಕುಸಿದಾಗ ಅಂಥವನೇ ಒಡೆಯನಾಗುವುದು ಆಶ್ಚರ್ಯವಲ್ಲ. ಕಾವಲಿನ ಹಕ್ಕಿನೊಡನೆ ಒಂದು ಹೊಣೆಯೂ ಇತ್ತು. ತನ್ನ ಎಲ್ಲೆಯೊಳಗೆ ಕಳವಾದ ಸೊತ್ತನ್ನು ಕಾವಲುಗಾರನು ಹುಡುಕಿಸಿ ಕೊಡಬೇಕು, ಇಲ್ಲವೆ ಅದರ ಬೆಲೆ ತೆರಬೇಕು. ದಕ್ಷಿಣದ ಕಾವಲು ಪದ್ಧತಿಗೆಲ್ಲ ಸಾಮಾನ್ಯವಾಗಿದ್ದ ನಿಯಮವಿದು. ಕಳ್ಳನಿಗೂ ಕಾವಲುಗಾರನಿಗೂ ಒಳಒಪ್ಪಂದಗಳಾಗಲು ಇದೇ ನಿಯಮವು ಎಡೆಮಾಡಿತೆಂಬ ಆಕ್ಷೇಪಣೆಯೂ ಹಳೆಯದೇ. ಆದರೂ ನಷ್ಟದ ಭಾರವು ಎಚ್ಚರ ತಪ್ಪಿದವನ ಮೇಲೆ ಬೀಳುತ್ತಿತ್ತೆಂಬುದನ್ನು ಮರೆಯಲಾಗದು.

1800ರಲ್ಲಿ ನಿಜಾಮನು ಈ ಪ್ರಾಂತ್ಯವನ್ನು ಕಂಪನಿಗೆ ಬಿಟ್ಟುಕೊಟ್ಟನು. 1807ರವರೆಗೆ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಪಾಳೆಯಗಾರರ ಬಲವನ್ನು ಮುರಿದನು. ಆದರೆ ಊರ ಕಾವಲನ್ನು ಅಳಿಸುವುದು ಅವನ ಅಭಿಪ್ರಾಯವಾಗಿರಲಿಲ್ಲ. ಮದ್ರಾಸು ಸರ್ಕಾರದ 1816ರ ಹನ್ನೊಂದನೆಯ ರೆಗ್ಯುಲೇಷನ್ನು ದರೋಗರ ಪದ್ಧತಿಯನ್ನು ಕೈಬಿಟ್ಟು, ಊರ ಗೌಡನನ್ನೂ ತಳವಾರನನ್ನೂ ಪೋಲೀಸು ವ್ಯವಸ್ಥೆಯ ತಳಹದಿಯಾಗಿ ಮತ್ತೆ ಅಂಗೀಕರಿಸಿತು. 1859ರ ಮದ್ರಾಸು ಪೋಲೀಸು ಕಾಯಿದೆಯಿಂದ ಸಂಬಳದ ಪೋಲೀಸರು ಬಂದ ಮೇಲೂ ರಾತ್ರಿಯ ಗಸ್ತು ತಳವಾರನದೇ ಆಗಿತ್ತು. 1953ರ ಅಕ್ಟೋಬರ್ 1ರಂದು ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದುವು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಹುಟ್ಟಿನಿಂದಲೇ ಒಬ್ಬನನ್ನು ರಾತ್ರಿಯ ಚಾಕರಿಗೆ ಕಟ್ಟಿಹಾಕುವ ಪದ್ಧತಿ ಹೋದದ್ದು ನ್ಯಾಯವೇ ಸರಿ. ಆದರೆ ಅವನು ಮಾಡುತ್ತಿದ್ದ ಕೆಲಸ ಯಾರಿಗೆ ಹೋಯಿತು? 1964ರಲ್ಲಿ ಗ್ರಾಮ ರಕ್ಷಣಾ ದಳಗಳಿಗಾಗಿ ಒಂದು ಕಾಯಿದೆ ಬಂದಿತೆಂಬುದೇ ಈ ಪ್ರಶ್ನೆ ಆಗಲೇ ಎದ್ದಿತ್ತೆನ್ನುವುದಕ್ಕೆ ಸಾಕ್ಷಿ.

ಇತ್ತ ವಿದ್ಯುತ್ತಿನ ಕಥೆ ಬೇರೆಯೇ ದಾರಿಯಲ್ಲಿ ಸಾಗುತ್ತಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಆಗಸ್ಟಸ್ ಪೋಪ್ ಎಂಬಾತನು 1853ರಲ್ಲಿ ವಿದ್ಯುತ್ಕಾಂತದಿಂದ ಬಾರಿಸುವ ಗಂಟೆಗೆ ಹಕ್ಕುಪತ್ರವನ್ನು ಪಡೆದನು. ಬಾಗಿಲು ಅಥವಾ ಕಿಟಕಿ ತೆರೆದರೆ ತಂತಿಯ ಸುತ್ತು ಕೂಡಿಕೊಂಡು ಗಂಟೆ ಬಾರಿಸುತ್ತಿತ್ತು. 1857ರಲ್ಲಿ ಎಡ್ವಿನ್ ಹೋಮ್ಸ್ ಆ ಹಕ್ಕನ್ನು ಕೊಂಡು ವ್ಯಾಪಾರಕ್ಕೆ ತಂದನು. ಈ ಏರ್ಪಾಡಿನಲ್ಲಿ ಒಂದು ದೋಷವಿತ್ತು. ಕಳ್ಳನು ತಂತಿಯನ್ನು ಮೊದಲೇ ಕತ್ತರಿಸಿದರೆ ಗಂಟೆ ಮೂಕವಾಗುತ್ತಿತ್ತು. ಮುಂದೆ ಸುತ್ತಿನಲ್ಲಿ ಸದಾ ಅಲ್ಪ ಪ್ರವಾಹವು ಹರಿಯುವಂತೆ ಮಾಡಿ, ಆ ಪ್ರವಾಹ ನಿಂತರೆ ಅದನ್ನೇ ಅಪಾಯದ ಸೂಚನೆಯೆಂದು ತಿಳಿಯುವ ಕ್ರಮ ಬಂದಿತು. ಇಂದಿನ ಪೆಟ್ಟಿಗೆಗಳಲ್ಲಿಯೂ ಪ್ರತಿಯೊಂದು ವಲಯದ ತಂತಿಯ ಕೊನೆಗೆ ಒಂದು ಪ್ರತಿರೋಧಕವನ್ನು ಕೂಡಿಸುವುದು ಇದೇ ತತ್ತ್ವದಿಂದ: ತಂತಿ ತುಂಡಾದರೂ ತಿಳಿಯುತ್ತದೆ, ಒಂದಕ್ಕೊಂದು ತಗುಲಿಸಿದರೂ ತಿಳಿಯುತ್ತದೆ.

ಈ ತತ್ತ್ವವು ನಮ್ಮ ಊರುಗಳಿಗೆ ಹೊಸದೆನ್ನುವಂತಿಲ್ಲ. ಗಸ್ತಿನವನು ಜಾವಜಾವಕ್ಕೆ ಕೂಗುವ ರೂಢಿಯನ್ನು ನೆನೆಯಿರಿ. ಕಳ್ಳ ಬಂದನೆಂದು ಅವನು ಕೂಗುತ್ತಿರಲಿಲ್ಲ. ತಾನು ಎಚ್ಚರವಾಗಿದ್ದೇನೆಂದು ಕೂಗುತ್ತಿದ್ದನು. ಅರೆನಿದ್ದೆಯಲ್ಲಿದ್ದ ಊರಿಗೆ ಆ ಕೂಗು ಕೇಳಿಸಿದರೆ ನೆಮ್ಮದಿ, ಕೇಳಿಸದಿದ್ದರೆ ಸಂದೇಹ. ಮೌನವೇ ಸುದ್ದಿಯಾಗುವ ಈ ಉಪಾಯವನ್ನು ಯಂತ್ರವು ತಡವಾಗಿ ಕಲಿತಿತೆನ್ನಬಹುದು. ಪ್ರಸಂಗವಶಾತ್ ಹಡಗಲಿ ತಾಲ್ಲೂಕಿನ ಮೈಲಾರವು ನೆನಪಿಗೆ ಬರುತ್ತದೆ. ಅಲ್ಲಿ ಕಾರಣಿಕದ ಗೊರವಯ್ಯನು ಬಿಲ್ಲನ್ನೇರಿ 'ಸದ್ದಲೇ' ಎಂದೊಡನೆ ಲಕ್ಷಾಂತರ ಜನ ಮೌನವಾಗುತ್ತಾರೆ. ಕೂಗಿನ ಶಕ್ತಿಯು ಕೊರಳಿನಲ್ಲಿಲ್ಲ, ಕಿವಿಗೊಟ್ಟವರಲ್ಲಿದೆ.

ಹೊಸಪೇಟೆಯಿಂದ ಕೊಟ್ಟೂರಿಗೆ 1905ರಲ್ಲಿ ರೈಲು ಬಂದಾಗ ಹಳಿಯ ಪಕ್ಕದ ತಂತಿಯೂ ಬಂದಿತು. ಬಹುಕಾಲದ ಮೇಲೆ ದೂರವಾಣಿ ಬಂದಿತು. ದೂರವಾಣಿಯ ತಂತಿಗೆ ಜೋಡಿಸಿದ ಎಚ್ಚರಿಕೆಯ ಪೆಟ್ಟಿಗೆಯು ಅಪಾಯವಾದಾಗ ಗೊತ್ತುಪಡಿಸಿದ ಸಂಖ್ಯೆಗೆ ತಾನೇ ಕರೆಮಾಡುತ್ತಿತ್ತು. ಉಳಿದ ಹೊತ್ತಿನಲ್ಲಿ ಅದು ಬದುಕಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಭಾರತದಲ್ಲಿ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ದೊರೆತ ಅಂತರ್ಜಾಲವು ಈ ಕೊರತೆಯನ್ನು ತುಂಬಲು ಸಾಧನವಾಯಿತು. ಅಂತರ್ಜಾಲದ ಮಾಡ್ಯೂಲು ನಿಗದಿಯಾದ ಅಂತರದಲ್ಲಿ ತಾನು ಇದ್ದೇನೆಂಬ ಕಿರುಸಂದೇಶವನ್ನು ದೂರದ ಕೇಂದ್ರಕ್ಕೆ ಕಳುಹಿಸುತ್ತಲೇ ಇರುತ್ತದೆ. ತಂತ್ರಜ್ಞರು ಇದನ್ನು ಎದೆಬಡಿತವೆಂದು ಕರೆಯುತ್ತಾರೆ; ಜಾವದ ಕೂಗು ಎಂದರೂ ಸಲ್ಲುತ್ತದೆ.

ಕೊಟ್ಟೂರಿನ ಒಂದು ಕಾಳಿನ ಗೋದಾಮಿನಲ್ಲಿ ಇಂತಹ ಮಾಡ್ಯೂಲನ್ನು ಕೂಡಿಸಬೇಕಾಗಿದೆಯೆಂದು ಭಾವಿಸೋಣ. ಮೊದಲು ಪೆಟ್ಟಿಗೆಯ ವಿದ್ಯುತ್ತನ್ನು ತೆಗೆದು, ಒಳಗಿನ ಬ್ಯಾಟರಿಯ ತಂತಿಯನ್ನೂ ಕಳಚಬೇಕು. ಎರಡನ್ನೂ ತೆಗೆಯದೆ ಫಲಕದ ಮೇಲೆ ಕೈಯಿಟ್ಟರೆ ಮಾಡ್ಯೂಲಿಗೂ ಪೆಟ್ಟಿಗೆಗೂ ಹಾನಿಯಾಗಬಹುದು. ಮಾಡ್ಯೂಲನ್ನು ಅದರ ಕಿಂಡಿಗೆ ಕೂಡಿಸಿ, ಅಲ್ಲಿಂದ ರೌಟರಿಗೆ ಕೇಬಲ್ಲನ್ನು ಎಳೆಯಬೇಕು. ಜಾಲದಲ್ಲಿ ಅದಕ್ಕೊಂದು ವಿಳಾಸ ಬೇಕು. ರೌಟರು ತಾನಾಗಿ ಕೊಡುವ ವಿಳಾಸವೇ ಸಾಮಾನ್ಯವಾಗಿ ಸಾಕು, ಏಕೆಂದರೆ ಮಾಡ್ಯೂಲು ತಾನೇ ಹೊರಗೆ ಹೋಗಿ ಕೇಂದ್ರವನ್ನು ಮಾತನಾಡಿಸುತ್ತದೆ. ಹೊರಗಿನವರು ಒಳಬರಲು ರೌಟರಿನಲ್ಲಿ ದಾರಿ ತೆರೆದಿಡುವುದು ಹುಡೇವಿಗೆ ಹೊರಗಿನಿಂದ ಏಣಿ ಹಾಕಿಟ್ಟಂತೆ, ಅನಿವಾರ್ಯವಾಗದೆ ಮಾಡತಕ್ಕದ್ದಲ್ಲ. ಬಳಿಕ ಕೇಂದ್ರದ ವಿಳಾಸ, ಪೋರ್ಟಿನ ಸಂಖ್ಯೆ, ಗ್ರಾಹಕನ ಖಾತೆಯ ಸಂಖ್ಯೆ, ಗೂಢಲಿಪಿಯ ಕೀಲಿ, ಎದೆಬಡಿತದ ಅಂತರ ಇವನ್ನು ತುಂಬಬೇಕು. ಖಾತೆಯ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಕೊಟ್ಟೂರಿನ ಕೂಗು ಮತ್ತಾವುದೋ ಊರಿನ ಹೆಸರಿನಲ್ಲಿ ಕೇಳಿಸುತ್ತದೆ. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಅಂದೇ ಬದಲಿಸತಕ್ಕದ್ದು. ಅದು ಕೈಪಿಡಿಯಲ್ಲಿ ಅಚ್ಚಾಗಿರುವುದರಿಂದ ಕಳ್ಳನಿಗೂ ತಿಳಿದಿರುತ್ತದೆ.

ಇಷ್ಟಾದರೂ ಬಹುಮಂದಿ ಮರೆಯುವ ಸಂಗತಿಯೊಂದಿದೆ. ವಿದ್ಯುತ್ತು ಹೋದರೆ ಎಚ್ಚರಿಕೆಯ ಪೆಟ್ಟಿಗೆಗೆ ಬ್ಯಾಟರಿಯಿದೆ, ರೌಟರಿಗೆ? ಅದು ಆರಿದೊಡನೆ ಮಾಡ್ಯೂಲು ಎಚ್ಚರವಿದ್ದೂ ಮೂಕವಾಗುತ್ತದೆ. ಗೋದಾಮಿನ ಮುಖ್ಯ ಸ್ವಿಚ್ಚನ್ನು ಹೊರಗೋಡೆಯ ಮೇಲೆಯೇ ಇಟ್ಟಿದ್ದರೆ ಕಳ್ಳನಿಗೆ ಬೇರೆ ಆಯುಧವೇ ಬೇಡ. ಆದುದರಿಂದ ರೌಟರಿಗೂ ಬ್ಯಾಟರಿಯ ಆಸರೆ ಇರಬೇಕು; ಮೊಬೈಲ್ ಸಿಮ್ಮಿನ ಎರಡನೆಯ ದಾರಿಯೊಂದಿದ್ದರೆ ಮತ್ತೂ ಲೇಸು. ಕೊನೆಯಲ್ಲಿ ಪ್ರತಿಯೊಂದು ಬಾಗಿಲನ್ನೂ ತೆರೆದು ನೋಡಿ, ಕೇಬಲ್ಲನ್ನು ಬೇಕೆಂದೇ ಕಿತ್ತು ನೋಡಿ, ಎರಡೂ ಸುದ್ದಿಗಳು ಕೇಂದ್ರಕ್ಕೆ ತಲುಪಿದುವೆಂದು ದೃಢಪಡಿಸಿಕೊಂಡ ಮೇಲೆಯೇ ಕೆಲಸ ಮುಗಿಯಿತೆನ್ನಬೇಕು.

ಕೂಗು ಸ್ಥಳದಿಂದ ಹೊರಗೆ ಹೋಗಲೇಬೇಕೆಂಬುದಕ್ಕೆ ನೆರೆಯ ದಾವಣಗೆರೆ ಜಿಲ್ಲೆಯಲ್ಲಿಯೇ ದೃಷ್ಟಾಂತವಿದೆ. 2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17 ಕಿಲೋಗ್ರಾಮಿಗೂ ಮಿಕ್ಕಿದ ಒತ್ತೆಯ ಚಿನ್ನ ಕಳವಾಯಿತು. ಕಿಟಕಿಯ ಸರಳನ್ನು ಮುರಿದು ಒಳಹೊಕ್ಕವರು ಖಾರದ ಪುಡಿ ಚೆಲ್ಲಿ, ಕ್ಯಾಮೆರಾಗಳ ಚಿತ್ರಗಳನ್ನು ಕೂಡಿಡುವ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದರು. ಸಾಕ್ಷಿಯೂ ಸೊತ್ತಿನೊಡನೆಯೇ ಹೋಯಿತು. 2025ರಲ್ಲಿ ಪೋಲೀಸರು ಮಧುರೈ ಜಿಲ್ಲೆಯ ಬಾವಿಯೊಂದರಿಂದ ಆ ಚಿನ್ನವನ್ನು ಮೇಲೆತ್ತಿದ್ದು ಅವರ ತಾಳ್ಮೆಗೆ ಸಂದ ಕೀರ್ತಿ. ಒತ್ತೆಯಿಟ್ಟ ರೈತ ಕುಟುಂಬಗಳು ಆ ಐದು ತಿಂಗಳನ್ನು ಹೇಗೆ ಕಳೆದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇನ್ನು ಕೂಗಿಗೆ ಬರುವವರು ಯಾರೆಂಬ ಪ್ರಶ್ನೆ. ಹುಡೇವಿನ ಕೊಂಬು ಊರಿಗೆಲ್ಲ ಕೇಳಿಸುತ್ತಿತ್ತು. ಬಾರದೆ ಉಳಿದವನು ಮರುದಿನ ಊರ ಕಣ್ಣಿಗೆ ಬೀಳುತ್ತಿದ್ದನು. ಮಾಡ್ಯೂಲಿನ ಕೂಗಾದರೋ ಮಾಲೀಕನ ಜೇಬಿನ ದೂರವಾಣಿಗೆ ಮಾತ್ರ ಕೇಳಿಸುತ್ತದೆ. ಅವನು ಬೆಂಗಳೂರಿನಲ್ಲಿದ್ದರೆ ಹಡಗಲಿಯ ಬೀಗ ಮುರಿದ ಸುದ್ದಿ ಒಂದು ಕ್ಷಣದಲ್ಲಿ ತಲುಪಿದರೂ ಅವನು ಹಡಗಲಿಗೆ ತಲುಪಲು ಒಂದು ರಾತ್ರಿ ಬೇಕು. ಹಿಂದೆ ಸುದ್ದಿಯೂ ನೆರವೂ ಒಂದೇ ದೂರವನ್ನು ಕ್ರಮಿಸುತ್ತಿದ್ದುವು. ಕೇಳುವಷ್ಟು ಹತ್ತಿರವಿದ್ದವನು ಬರುವಷ್ಟೂ ಹತ್ತಿರವಿದ್ದನು. ಈಗ ಇವೆರಡರ ನಂಟು ಕಡಿದಿದೆ. ಆದ್ದರಿಂದ ಮಾಡ್ಯೂಲಿನಲ್ಲಿ ತುಂಬುವ ಅಂಶಗಳಲ್ಲಿ ಅತ್ಯಂತ ಮುಖ್ಯವಾದುದು ಪೋರ್ಟಿನ ಸಂಖ್ಯೆಯಲ್ಲ, ಕರೆಯಬೇಕಾದವರ ಪಟ್ಟಿ. ಅದರಲ್ಲಿ ಮಾಲೀಕನ ಹೆಸರಿನ ಕೆಳಗೆ ಪಕ್ಕದ ಅಂಗಡಿಯವನದೋ ಎದುರು ಮನೆಯವರದೋ ಹೆಸರು ಇರಬೇಕು, ಮತ್ತು ಅವರು ಅದಕ್ಕೆ ಒಪ್ಪಿರಬೇಕು. ತುರ್ತಿಗೆ 112 ಇದ್ದೇ ಇದೆ. ಆದರೆ ಆ ಸಂಖ್ಯೆಯನ್ನು ಒತ್ತುವವನೊಬ್ಬನು ಎಚ್ಚರವಾಗಿರಬೇಕಷ್ಟೆ.

ವೀರಗಲ್ಲುಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವು ಉತ್ತರ ಪಡೆದ ಕೂಗುಗಳ ದಾಖಲೆಗಳೆಂದು ತಿಳಿಯುತ್ತದೆ. ಪೆಟ್ಟಿಗೆಯ ನೆನಪಿನಲ್ಲಿಯೂ ಯಾವ ಬಾಗಿಲು ಯಾವ ಗಳಿಗೆಯಲ್ಲಿ ತೆರೆಯಿತೆಂಬ ದಾಖಲೆ ಉಳಿಯುತ್ತದೆ. ಯಾರು ಬಂದರೆಂಬುದು ಅದರಲ್ಲಿರುವುದಿಲ್ಲ, ಹೊಸತು ತುಂಬಿದಂತೆ ಹಳೆಯದು ಅಳಿಯುತ್ತದೆ. ಹುಡೇವುಗಳಿಗೆ ಶಾಸನವಿಲ್ಲದ ಕಾರಣ ಅವುಗಳ ಸಾಕ್ಷ್ಯವೆಲ್ಲ ಅವು ನಿಂತ ನೆಲೆಯಲ್ಲಿಯೇ ಇದೆ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹುಡೇವನ್ನು ಏರಿ, ಅಲ್ಲಿಂದ ಯಾವ ಯಾವ ಊರುಗಳ ಹುಡೇವು ಕಾಣಿಸುತ್ತದೆ, ಎಷ್ಟು ದೂರದವರೆಗೆ ಕೂಗು ಕೇಳಿಸುತ್ತದೆ ಎಂಬುದನ್ನು ಬರೆದಿಟ್ಟರೆ ಅದೊಂದು ಉಪಯುಕ್ತ ನಕ್ಷೆಯಾಗುವುದು. ಬಿದ್ದ ಹುಡೇವಿನ ಕಲ್ಲು ಮನೆಕಟ್ಟಲು ಹೋಗುವುದರಿಂದ ಈ ಕೆಲಸವು ಬೇಗ ನಡೆಯತಕ್ಕದ್ದು.