ಚಾಕು ಸಂತೆಯಲ್ಲಿ ಒಂದು ಕನ್ನಡ ಪದ

ಅಮೆರಿಕದ ಚಾಕು ಪ್ರದರ್ಶನಕ್ಕೆ ಹೊಸದಾಗಿ ಬರುವ ಸಂಗ್ರಾಹಕರು ಮೊದಲು ಕಲಿಯಬೇಕಾದ್ದು ಕೈಯ ಶಿಸ್ತು. ಮೇಜಿನ ಮೇಲಿರುವುದನ್ನು ಕೇಳದೆ ಎತ್ತಬಾರದು. ಅಲಗಿಗೆ ಬೆರಳು ತಾಗಿಸಬಾರದು, ಬೆವರಿನ ಉಪ್ಪಿಗೆ ಉಕ್ಕು ತುಕ್ಕು ಹಿಡಿಯುತ್ತದೆ. ವಾಪಸು ಕೊಡುವಾಗ ಹಿಡಿ ಆಚೆಯವರ ಕಡೆಗಿರಬೇಕು. ಆಚೆ ಕೂತವರು ಬಹುಪಾಲು ಆ ಚಾಕುವನ್ನು ಮಾಡಿದವರೇ. ಅವರೊಡನೆ ನಾಲ್ಕು ಮಾತಾಡಲೆಂದೇ ಸಂಗ್ರಾಹಕರು ಊರೂರು ದಾಟಿ ಬರುತ್ತಾರೆ. ಹೆಸರಾಂತ ಕಸುಬುದಾರರ ಒಂದು ಚಾಕುವಿಗೆ ಹತ್ತಾರು ಜನ ಕಾದಿದ್ದರೆ ಹೆಸರು ಬರೆದು ಚೀಟಿ ಎತ್ತುವುದೂ ಉಂಟು. ಚೀಟಿ ಬಂದವರಿಗೆ ಸಿಗುವುದು ಕೊಳ್ಳುವ ಹಕ್ಕು ಮಾತ್ರ, ಹಣ ಪೂರ್ತಿ ಎಣಿಸಲೇಬೇಕು.

ಈ ಸಂತೆಗಳಿಗೆ ಅಂಥ ವಯಸ್ಸೇನೂ ಆಗಿಲ್ಲ. ಮೊದಲು ಕೈಯಿಂದ ಚಾಕು ಮಾಡುವವರು ಬಂದೂಕು ಪ್ರದರ್ಶನಗಳಲ್ಲೇ ಮೇಜು ಹಿಡಿಯಬೇಕಿತ್ತು. 1970ರಲ್ಲಿ ನೈಫ್‌ಮೇಕರ್ಸ್ ಗಿಲ್ಡ್ ಹುಟ್ಟಿದ ಮೇಲೆ ಅವರದೇ ಪ್ರದರ್ಶನ ಬಂತು. ಆಗಿನ ದೊಡ್ಡ ಹೆಸರು ಬಾಬ್ ಲವ್‌ಲೆಸ್. ಉಕ್ಕಿನ ಪಟ್ಟಿಯನ್ನು ಸಾಣೆಗೆ ಹಿಡಿದು ಬೇಡದ್ದನ್ನು ಸವೆಸಿ ತೆಗೆಯುವುದು ಅವರ ವಿಧಾನ, ಹೆಚ್ಚಿನವರದೂ ಅದೇ. ಕುಲುಮೆಯಲ್ಲಿ ಕಾಯಿಸಿ ಬಡಿದು ಅಲಗು ಮಾಡುವವರು ಬೆರಳೆಣಿಕೆಯಷ್ಟಿದ್ದರು.

ಅಂಥ ಒಬ್ಬರು ಮೇರಿಲ್ಯಾಂಡಿನ ಬಿಲ್ ಮೋರನ್, ಹಾಲಿನ ಡೇರಿ ನಡೆಸುತ್ತಿದ್ದ ಮನೆತನದವರು. 1973ರ ಗಿಲ್ಡ್ ಪ್ರದರ್ಶನದಲ್ಲಿ ಅವರ ಮೇಜಿನ ಮೇಲಿದ್ದ ಅಲಗುಗಳಲ್ಲಿ ನೀರಿನ ಅಲೆಯಂಥ ಗೆರೆಗಳಿದ್ದವು. ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು, ಮಡಿಚಿ, ಬಡಿದು, ಕೊನೆಗೆ ಆಮ್ಲದಲ್ಲಿ ಅದ್ದಿದಾಗ ಏಳುವ ಗೆರೆಗಳು. ಮೋರನ್ ಅದನ್ನು ಡಮಾಸ್ಕಸ್ ಎಂದರು. ಬೇರೆ ಯಾರಾದರೂ ಆಗಿದ್ದರೆ ಗುಟ್ಟನ್ನು ಮುಚ್ಚಿಟ್ಟು ಹತ್ತು ವರ್ಷ ದುಡಿದುಕೊಳ್ಳುತ್ತಿದ್ದರೇನೋ. ಮೋರನ್ ಮಾಡುವ ವಿಧಾನವನ್ನೆಲ್ಲ ಬರೆದ ಕಿರುಹೊತ್ತಗೆಯನ್ನು ಅಲ್ಲೇ ಪುಕ್ಕಟೆ ಹಂಚಿದರು.

ಅಪರೂಪದ್ದೆಂದೇ ಕೊಳ್ಳುವ ಸಂಗ್ರಾಹಕರಿಗೆ ಇದು ಇಕ್ಕಟ್ಟಿನ ಸಂಗತಿ. ಅಲೆಗೆರೆಯ ಅಲಗುಗಳು ಕೆಲವೇ ವರ್ಷಗಳಲ್ಲಿ ಬೇರೆಯವರ ಮೇಜುಗಳಿಗೂ ಬಂದವು. ಗೆರೆ ಒಂದನ್ನೇ ನೋಡಿ ದುಡ್ಡು ಕೊಡುವ ಕಾಲ ಮುಗಿಯಿತು, ಯಾರ ಕೈಯದು ಎಂದು ಕೇಳಬೇಕಾಯಿತು. 1976ರಲ್ಲಿ ಮೋರನ್ ಮತ್ತು ಗೆಳೆಯರು ಕಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಅದಕ್ಕೊಂದು ಪರೀಕ್ಷೆಯನ್ನೇ ಇಟ್ಟಿತು. ತೂಗುಬಿಟ್ಟ ಒಂದಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕಡಿಯಬೇಕು. ಮರದ ತುಂಡನ್ನು ಎರಡು ಸಲ ಕತ್ತರಿಸಿದ ಮೇಲೂ ಅದೇ ಅಲಗು ಕೈಯ ಕೂದಲು ಬೋಳಿಸಬೇಕು. ಆಮೇಲೆ ಅದನ್ನು 90 ಡಿಗ್ರಿ ಬಗ್ಗಿಸುತ್ತಾರೆ, ಮುರಿಯಬಾರದು. ಕಸುಬುದಾರನ ಕೈಯನ್ನು ಸಾಬೀತುಪಡಿಸುವ ಆ ಚಾಕು ಯಾವ ಸಂಗ್ರಹಕ್ಕೂ ಸೇರಲಾರದು.

ಇಷ್ಟಾಗಿಯೂ ಹೆಸರಿನ ಗೊಂದಲ ಉಳಿಯಿತು. ಯುರೋಪಿನವರು ಡಮಾಸ್ಕಸ್ ಕತ್ತಿಗಳೆಂದು ಕೊಂಡಾಡಿದ ಹಳೆಯ ಪೂರ್ವದೇಶದ ಕತ್ತಿಗಳಲ್ಲಿ ಬೆಸೆದ ಪದರಗಳಿರಲಿಲ್ಲ. ಮಣ್ಣಿನ ಮೂಸೆಯಲ್ಲಿ ಕಬ್ಬಿಣ ಕರಗಿಸಿ ಮಾಡಿದ ಉಕ್ಕಿನ ಗಟ್ಟಿಯೊಳಗಿಂದಲೇ ಅವುಗಳ ಗೆರೆ ಮೂಡುತ್ತಿತ್ತು. ಅಂಥ ಮೂಸೆಗಳ ಕೆಲಸವನ್ನು 1800ರ ಸುಮಾರಿಗೆ ಮೈಸೂರು ಸೀಮೆ ಸುತ್ತಿದ ಬುಕಾನನ್ ನೋಡಿ ಬರೆದಿದ್ದಾನೆ. ಅದಕ್ಕೂ ಮುಂಚೆ, ಮುಂಬಯಿಯಿಂದ ಲಂಡನ್ನಿಗೆ ಹೋದ ಗಟ್ಟಿಗಳನ್ನು ಜಾರ್ಜ್ ಪಿಯರ್ಸನ್ ಪರೀಕ್ಷಿಸಿ 1795ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದರ ಹೆಸರು ‘ವೂಟ್ಸ್’. ಕನ್ನಡದ ‘ಉಕ್ಕು’ ಬಾಯಲ್ಲಿ ‘ವುಕ್ಕು’ ಆಗಿ, ಇಂಗ್ಲಿಷ್ ಬರಹದಲ್ಲಿ ‘ವೂಕ್’ ಆಗಿ, ಕೈಬರಹ ತಪ್ಪಾಗಿ ಓದಿಸಿಕೊಂಡು ವೂಟ್ಸ್ ಆಯಿತೆಂಬುದು ಪ್ರಬಲ ಊಹೆ. ತೆಲುಗಿನಲ್ಲೂ ಅದು ಉಕ್ಕೇ, ತಮಿಳಿನ ‘ಎಃಕು’ ಅದರ ನಂಟು. ‘ವೂಟ್ಸ್ ಸ್ಟೀಲ್’ ಎಂದರೆ ‘ನಡುಮಧ್ಯ’ದ ಹಾಗೆ, ಒಂದೇ ಮಾತು ಎರಡು ಸಲ.

ಆ ಗೆರೆಯನ್ನು ಮತ್ತೆ ತಂದವರಲ್ಲಿ ಫ್ಲೋರಿಡಾದಲ್ಲಿ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ಆಲ್ ಪೆಂಡ್ರೆ ಒಬ್ಬರು. ಅಯೋವಾದ ಲೋಹವಿಜ್ಞಾನಿ ಜಾನ್ ವರ್ಹೋವನ್ ಜೊತೆ ವರ್ಷಗಟ್ಟಲೆ ಮೂಸೆಗಳನ್ನು ಕಾಯಿಸಿದರು. ಅದಿರಿನಲ್ಲಿ ಲವಲೇಶ ವನೇಡಿಯಮ್ಮಿನಂಥ ಕಲ್ಮಶವಿದ್ದರಷ್ಟೇ ಗೆರೆ ಏಳುತ್ತದೆಂದು 1990ರ ದಶಕದಲ್ಲಿ ತೋರಿಸಿಕೊಟ್ಟರು. ಈಗ ಅನುಭವವುಳ್ಳ ಸಂಗ್ರಾಹಕರು ಡಮಾಸ್ಕಸ್ ಎಂಬ ಚೀಟಿ ಕಂಡರೆ ಬೆಲೆ ಕೇಳುವ ಮೊದಲು ಕೇಳುವುದು: ಬೆಸೆದದ್ದೋ, ಮೂಸೆಯದೋ?