ಅಯ್ಯಾವೊಳೆ ಐನೂರ್ವರು: ಒಂದು ಸಂಘವೋ, ಬರೀ ಒಂದು ಹೆಸರೋ?

ಶಾಸನ ಓದೋ ಹವ್ಯಾಸ ಇದ್ದವರಿಗೆ ಅಯ್ಯಾವೊಳೆ ಐನೂರ್ವರು ಹೊಸಬರೇನಲ್ಲ. ಬಳ್ಳಿಗಾವೆಯಲ್ಲಿ ಸಿಗುತ್ತಾರೆ, ಬೆಳಗಾವಿಯಲ್ಲಿ ಸಿಗುತ್ತಾರೆ, ತಮಿಳುನಾಡಿನ ಪಿರಾನ್‌ಮಲೈಯಲ್ಲಿ ಸಿಗುತ್ತಾರೆ. ಸುಮಾತ್ರಾ ದ್ವೀಪದ ಬಾರೂಸ್‌ನಲ್ಲಿ ಸಿಕ್ಕ ಕ್ರಿ.ಶ. 1088ರ ತಮಿಳು ಶಾಸನದಲ್ಲೂ ಇದ್ದಾರೆ; ಅದನ್ನು ನೀಲಕಂಠ ಶಾಸ್ತ್ರಿಗಳು 1932ರಲ್ಲಿ ಪ್ರಕಟಿಸಿದರು. ಪಠ್ಯಪುಸ್ತಕಗಳು ಇವರನ್ನು ‘ವರ್ತಕ ಸಂಘ’ ಅಂತ ಕರೆದು, ಐಹೊಳೆಯನ್ನು ಅದರ ಕೇಂದ್ರ ಕಚೇರಿಯ ಹಾಗೆ ಚಿತ್ರಿಸಿ ಮುಂದೆ ಹೋಗಿಬಿಡುತ್ತವೆ. ಆದರೆ ಇಷ್ಟು ದೂರ ಹಬ್ಬಿದ್ದು ನಿಜವಾಗಿ ಒಂದೇ ಸಂಸ್ಥೆಯಾ?

ಇಂಥ ಪ್ರಶ್ನೆಗೆ ಸಮಾಜಶಾಸ್ತ್ರಜ್ಞರು ಬಳಸುವ ಒಂದು ಉಪಾಯ ಇದೆ, ಸೋಷಿಯಲ್ ನೆಟ್‌ವರ್ಕ್ ಅನಾಲಿಸಿಸ್. ಸಂಸ್ಥೆಯಲ್ಲಿ ಯಾರ ಹುದ್ದೆ ಏನು ಅನ್ನೋದನ್ನು ಬದಿಗಿಟ್ಟು, ಯಾರಿಗೆ ಯಾರ ಜೊತೆ ಒಡನಾಟ ಇದೆ ಅನ್ನೋದನ್ನು ಚುಕ್ಕಿ–ಗೆರೆಗಳಲ್ಲಿ ಬರೆದು ನೋಡುವುದು. ಜೇಕಬ್ ಮೊರೆನೊ 1934ರ ತಮ್ಮ ಪುಸ್ತಕದಲ್ಲಿ ಇಂಥ ಚಿತ್ರಗಳನ್ನು ಕೊಟ್ಟರು. ಇತಿಹಾಸದ ಮಟ್ಟಿಗೆ ಹೆಸರಾಂತ ಕೆಲಸ ಪ್ಯಾಜೆಟ್ ಮತ್ತು ಆನ್ಸೆಲ್ 1993ರಲ್ಲಿ ಫ್ಲಾರೆನ್ಸಿನ ಮೆಡಿಚಿ ಮನೆತನದ ಮೇಲೆ ಮಾಡಿದ್ದು. ಪರಸ್ಪರ ಸಂಬಂಧವೇ ಇಲ್ಲದ ಮನೆತನಗಳ ನಡುವೆ ಮೆಡಿಚಿಗಳು ಕೊಂಡಿಯಾಗಿ ನಿಂತಿದ್ದೇ ಅವರ ಬಲ ಅಂತ ಅವರು ತೋರಿಸಿದರು.

ಶಾಸನಗಳಿಗೆ ಇದನ್ನು ಹಚ್ಚುವುದು ಸುಲಭ ಅನ್ನಿಸುತ್ತದೆ. ಒಂದು ಎಕ್ಸೆಲ್ ಹಾಳೆ ಸಾಕು: ಅಡ್ಡಸಾಲಿನಲ್ಲಿ ಶಾಸನ, ಕಂಬಸಾಲಿನಲ್ಲಿ ಗುಂಪು. ನಾನಾದೇಸಿ, ನಖರ, ಮುಮ್ಮುರಿದಂಡ, ಗವರೆ, ಗಾತ್ರಿಗ, ತೆಲ್ಲಿಗ ಅಂತ ಹೀಗೆ. ಒಂದೇ ಕಲ್ಲಿನಲ್ಲಿ ಎರಡು ಗುಂಪು ಬಂದರೆ ಅವುಗಳ ನಡುವೆ ಒಂದು ಗೆರೆ.

ಎಡವುವುದು ಇಲ್ಲೇ. ಶಿಕಾರಿಪುರ ತಾಲೂಕಿನ 118ನೇ ಶಾಸನ (ಎಪಿಗ್ರಾಫಿಯಾ ಕರ್ನಾಟಿಕಾ, ಹಳೆಯ 7ನೇ ಸಂಪುಟ) ತೆಗೆದು ನೋಡಿ. 11ನೇ ಶತಮಾನದ ಆ ಪ್ರಶಸ್ತಿಯಲ್ಲಿ ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ಕಾಂಭೋಜ, ನೇಪಾಳ, ಪಾರಸಗಳ ತನಕ ಐನೂರ್ವರು ಓಡಾಡುತ್ತಾರೆ. ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ, ನೀಲ, ಮುತ್ತು, ವಜ್ರ, ಎಲ್ಲಾ ಮಾರುತ್ತಾರೆ. ಇದು ಬಿರುದಾವಳಿ, ಊರಿಂದೂರಿಗೆ ಸ್ವಲ್ಪ ಸ್ವಲ್ಪ ಬದಲಾಗಿ ಮರುಕಳಿಸುವ ಸಾಲು. ಇದನ್ನೆಲ್ಲ ಹಾಳೆಗೆ ತುಂಬಿದರೆ ಎಲ್ಲರಿಗೂ ಎಲ್ಲರ ಜೊತೆ ಗೆರೆ ಬಿದ್ದು, ಜಾಲ ಗಟ್ಟಿಯಾಗಿದೆ ಅಂತ ಕಂಪ್ಯೂಟರ್ ಖುಷಿಯಾಗಿ ಹೇಳುತ್ತದೆ! ಮದುವೆ ಕರೆಯೋಲೆಯ ಕೊನೆಯಲ್ಲಿ ‘ಸುಖಾಗಮನ ಬಯಸುವವರು’ ಅಂತ ಇಪ್ಪತ್ತು ಹೆಸರಿರುತ್ತಲ್ಲ, ಆ ಇಪ್ಪತ್ತು ಜನ ಪರಸ್ಪರ ಮಾತಾಡ್ತಾರೆ ಅಂತ ನಂಬಿದ ಹಾಗಾಯ್ತು.

ಹಾಗಾಗಿ ಪ್ರಶಸ್ತಿ ಬಿಟ್ಟು ದತ್ತಿಯ ಭಾಗಕ್ಕೆ ಬರಬೇಕು ಅನ್ನೋದು ನನ್ನ ಅಭಿಪ್ರಾಯ. ಬೆಳಗಾವಿಯ 1204ರ ಶಾಸನಗಳು ಇದಕ್ಕೆ ಒಳ್ಳೆಯ ಉದಾಹರಣೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲ. ಬೀಚಣ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ದಾನ. ಅಲ್ಲಿ ಸ್ಥಳೀಯ ವೇಣುಗ್ರಾಮದ ವರ್ತಕರ ಜೊತೆ ಕೂಂಡಿ ಮೂರುಸಾಸಿರದವರು, ಲಾಳದ ಅಂದರೆ ಗುಜರಾತಿನ ಕಡೆಯವರು, ಮಲೆಯಾಳದವರು ಒಟ್ಟಿಗೆ ಸೇರಿ, ಸರಕಿನ ಮೇಲೆ ಇಂತಿಷ್ಟು ಕೊಡುತ್ತೇವೆ ಅಂತ ಒಪ್ಪುತ್ತಾರೆ. ಇದು ಹೊಗಳಿಕೆಯಲ್ಲ, ಜೇಬಿಗೆ ಬೀಳುವ ಕೈ. ಇಂಥ ಗೆರೆಗೆ ತೂಕ ಇದೆ.

ಇಂಥ ಗೆರೆಗಳನ್ನಷ್ಟೇ ಇಟ್ಟುಕೊಂಡರೆ ಚಿತ್ರವೇ ಬೇರೆ. ಕೇಂದ್ರ ಕಚೇರಿ ಇದ್ದಿದ್ದರೆ ಐಹೊಳೆ ನಡುವೆ ನಿಂತು, ಅಲ್ಲಿಂದ ಸುತ್ತಲೂ ಗೆರೆ ಹೊರಡಬೇಕಿತ್ತು. ಹಾಗಾಗುವುದಿಲ್ಲ. ಐಹೊಳೆಯ ಲಾಡ್‌ಖಾನ್ ಗುಡಿಯ 8ನೇ ಶತಮಾನದ ಶಾಸನದ ಐನೂರ್ವರು ಚತುರ್ವಿದ್ಯರಾದ ಮಹಾಜನರು, ವ್ಯಾಪಾರಿಗಳಲ್ಲ. ಜಾಲದಲ್ಲಿ ಕಾಣುವುದು ಊರೂರಿನ ಗಂಟುಗಳು: ಒಂದು ಪೇಟೆಯ ಸೆಟ್ಟಿಗಳು, ಗಾವುಂಡರು, ಐವತ್ತೊಕ್ಕಲು ತೆಲ್ಲಿಗರು, ತಂಬುಲಿಗರು, ಒಳಗೊಳಗೇ ಬಿಗಿಯಾಗಿ. ಗಂಟು ಗಂಟಿನ ನಡುವೆ ಓಡಾಡುವವರು ಮಾತ್ರ ಕೆಲವೇ ಜನ, ಹೆಚ್ಚಾಗಿ ನಾನಾದೇಸಿಗಳು.

ಆ ಕೆಲವರಲ್ಲಿ ಮಲೆಯಾಳದ ವರ್ತಕರನ್ನು ವಿಶೇಷವಾಗಿ ಗಮನಿಸಬೇಕು. ಹೊಯ್ಸಳರ ಕಾಲದ ಅರಸೀಕೆರೆಯಲ್ಲಿ ನೆಲೆಸಿದ್ದ ಇಂಥ ಮನೆತನದ ಕುಂಜನಂಬಿ ಸೆಟ್ಟಿ, ದಕ್ಷಿಣದ ಹೊಯ್ಸಳ ದೊರೆಗೂ ಉತ್ತರದ ಬಲ್ಲಹನಿಗೂ ಸ್ನೇಹ ಮಾಡಿಸಿದ ಅಂತ ಶಾಸನ ಹೇಳುತ್ತದೆ. ಬರ್ಮಾದ ಪಗಾನ್‌ನಲ್ಲಿ 13ನೇ ಶತಮಾನದಲ್ಲಿ ನಾನಾದೇಸಿಗಳ ವಿಷ್ಣು ಗುಡಿಗೆ ಮಂಟಪ, ಬಾಗಿಲು, ದೀಪ ಕೊಟ್ಟವನೂ ಮಲೈಮಂಡಲದವನೇ. ನೆಟ್‌ವರ್ಕ್ ಭಾಷೆಯಲ್ಲಿ ಇವರು ನಡುಕೊಂಡಿಗಳು. ಇವರನ್ನು ಅಳಿಸಿದರೆ ಗಂಟುಗಳು ಬೇರೆ ಬೇರೆಯಾಗುತ್ತವೆ. ಒಬ್ಬ ಊರ ಸೆಟ್ಟಿಯನ್ನು ಅಳಿಸಿದರೆ ಹೆಚ್ಚೇನೂ ಆಗುವುದಿಲ್ಲ. ಸಂಸ್ಥೆ ಅನ್ನುವ ಪದಕ್ಕೆ ಆಜ್ಞೆ ಕೊಡುವ ಕೇಂದ್ರವೊಂದು ಬೇಕು ಅಂತಾದರೆ, ಐನೂರ್ವರು ಸಂಸ್ಥೆಯಲ್ಲ. ಅಪರಿಚಿತ ಪೇಟೆಯಲ್ಲಿ ಸಾಲ, ನಂಬಿಕೆ, ಜಾಗ ಸಿಗುವಂತೆ ಮಾಡುತ್ತಿದ್ದ ಹಂಚಿಕೊಂಡ ಹೆಸರು ಅದು ಅಂತ ನನಗೆ ಅನ್ನಿಸುತ್ತದೆ.

ನೀವೇ ಹಾಳೆ ತಯಾರಿಸುವುದಾದರೆ ಎರಡು ಮಾತು. ಕಲ್ಲಿಗೆ ಬಿದ್ದಿರುವುದು ಮುಖ್ಯವಾಗಿ ದಾನ. ಜಗಳ, ದಿವಾಳಿ, ಬಾಕಿ ಲೆಕ್ಕ ಅಪರೂಪ. ಆದ್ದರಿಂದ ಚಿತ್ರದಲ್ಲಿ ಎಲ್ಲರೂ ಸ್ನೇಹಿತರಂತೆಯೇ ಕಾಣುತ್ತಾರೆ. ಎರಡನೆಯದು, ಹೆಸರುಗಳ ಕಾಟ. ‘ಚಟ್ಟಿಸೆಟ್ಟಿ’ ಅಂತ ಎರಡು ಕಲ್ಲಿನಲ್ಲಿ ಬಂದರೆ ಕಾಲ, ಊರು, ತಂದೆಯ ಹೆಸರು ಈ ಮೂರರಲ್ಲಿ ಎರಡಾದರೂ ಹೊಂದುವ ತನಕ ಅವರನ್ನು ಇಬ್ಬರು ಅಂತಲೇ ಇಡಿ. ಒಂದು ತಪ್ಪು ಜೋಡಣೆ ಸಾಕು, ಇಲ್ಲದ ಕೊಂಡಿಯೊಬ್ಬ ಹುಟ್ಟಿಕೊಳ್ಳುತ್ತಾನೆ.